ಸ್ವಿಚ್ ಯಾವಾಗ ಬಿತ್ತು? ಅದನ್ನು ಮೊದಲು ಬರೆದಿಡಿ

ಮನೆ ಕರೆಂಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ದೂರು ಹೊತ್ತಿವೆ. ಯಾವುದೋ ಒಂದು ಉಪಕರಣ ಹಾಕಿದೊಡನೆ, ಇಲ್ಲವೇ ಹಾಕಿದ ಸ್ವಲ್ಪ ಹೊತ್ತಿಗೆ ಸೇಫ್ಟಿ ಸ್ವಿಚ್ ಬಿದ್ದು ಮನೆಯೆಲ್ಲ ಕತ್ತಲು. ಮಾತಿನಲ್ಲಿ ನಾವೆಲ್ಲ ಇಎಲ್‌ಸಿಬಿ ಎನ್ನುವ ಈ ಸ್ವಿಚ್ಚಿಗೆ ಈಗ ಅಂಗಡಿಯಲ್ಲಿ ಆರ್‌ಸಿಸಿಬಿ ಎಂದು ಹೆಸರು. ಕರೆಂಟನ್ನು ಮನೆಗೆಲ್ಲ ಹಂಚುವ ಡಿಬಿ ಬಾಕ್ಸಿನಲ್ಲಿ, ಹೊರೆ ಹೆಚ್ಚಾದಾಗ ಬೀಳುವ ಸಣ್ಣ ಎಂಸಿಬಿಗಳ ಪಕ್ಕ, ಎರಡು ಎಂಸಿಬಿಯಷ್ಟು ಅಗಲಕ್ಕೆ, ‘ಟಿ’ ಗುರುತಿನ ಗುಂಡಿಯೊಂದನ್ನು ಇಟ್ಟುಕೊಂಡು ಕೂತಿರುತ್ತದೆ. ತ್ರೀ ಫೇಸ್ ಮನೆಯಾದರೆ ನಾಲ್ಕರಷ್ಟು ಅಗಲ. ಕಾಗದ ಬರೆಯುವಾಗ ಬಿದ್ದದ್ದು ಇದೋ, ಎಂಸಿಬಿಯೋ ಎಂದು ತಪ್ಪದೆ ತಿಳಿಸಿ. ಎರಡರ ಕಾಯಿಲೆಯೂ ಬೇರೆ, ಮದ್ದೂ ಬೇರೆ.

ಪ್ರಶ್ನೆ: ನಮ್ಮದು 15 ಲೀಟರಿನ ಗೀಸರ್, 2000 ವಾಟ್, ಐದು ವರ್ಷ ಹಳೆಯದು. ಬೋರ್ ನೀರು. ಹಾಕಿ ಏಳೆಂಟು ನಿಮಿಷಕ್ಕೆ ಇಎಲ್‌ಸಿಬಿ ಬೀಳುತ್ತೆ. ಎತ್ತಿ ಮತ್ತೆ ಹಾಕಿದರೆ ಎರಡೇ ನಿಮಿಷ. ಮಾರನೇ ಬೆಳಿಗ್ಗೆ ಮತ್ತೆ ಏಳೆಂಟು ನಿಮಿಷ ನಡೆಯುತ್ತೆ. ಎಲೆಕ್ಟ್ರಿಷಿಯನ್ ಬಂದು ನೋಡಿ, ‘ಇಎಲ್‌ಸಿಬಿ ವೀಕಾಗಿದೆ, ಗೀಸರ್ ಲೈನನ್ನು ಅದಕ್ಕೆ ಸೇರಿಸದೆ ನೇರ ಕೊಟ್ಟುಬಿಡೋಣ’ ಅಂದರು. ಕೊಡಿಸಬಹುದೇ?
— ಓದುಗರೊಬ್ಬರು, ಕೋಲಾರ

ಉತ್ತರ: ಖಂಡಿತ ಬೇಡ. ಈ ಉತ್ತರ ಓದುವ ಹೊತ್ತಿಗೆ ಕೊಡಿಸಿಬಿಟ್ಟಿದ್ದರೆ ಇವತ್ತೇ ಬಿಚ್ಚಿಸಿ, ಅಲ್ಲಿಯವರೆಗೆ ಆ ಗೀಸರ್ ಮುಟ್ಟಬೇಡಿ. ನಿಮ್ಮ ಸ್ವಿಚ್ ವೀಕಾಗಿಲ್ಲ ಎನ್ನುವುದಕ್ಕೆ ಸಾಕ್ಷಿ ನಿಮ್ಮ ಕಾಗದದಲ್ಲೇ ಇದೆ. ತಣ್ಣಗಿದ್ದಾಗ ಏಳೆಂಟು ನಿಮಿಷ, ಬಿಸಿಯಿದ್ದಾಗ ಎರಡು ನಿಮಿಷ. ಬೀಳುವ ಹೊತ್ತು ಗೀಸರಿನ ಬಿಸಿಯ ಜೊತೆಗೇ ಬದಲಾಗುತ್ತಿದೆ ಎಂದಮೇಲೆ ತೊಂದರೆ ಇರುವುದು ಗೀಸರಿನಲ್ಲೇ.

ಆರ್‌ಸಿಸಿಬಿ ಮಾಡುವ ಕೆಲಸ ಲೆಕ್ಕ ನೋಡುವುದು. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸು ಬರಬೇಕು. ಎರಡೂ ತಂತಿಗಳು ಅದರೊಳಗಿನ ಒಂದು ಬಳೆಯಂಥ ಕೋರ್ ಮೂಲಕ ಹಾದುಹೋಗುತ್ತವೆ. ಹೋದದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸ ಕಂಡರೆ, ಆ ವ್ಯತ್ಯಾಸ ಭೂಮಿಗೋ ಯಾರದೋ ಮೈಗೋ ಹರಿಯುತ್ತಿದೆ ಎಂದು ತಿಳಿದು ಕೂಡಲೇ ಕಡಿದುಬಿಡುತ್ತದೆ. ಮನೆಗೆ ಹಾಕುವುದರ ಮೇಲೆ 30 ಮಿಲಿ ಆಂಪಿಯರ್ ಎಂದೋ 0.03 ಆಂಪಿಯರ್ ಎಂದೋ ಅಚ್ಚಾಗಿರುತ್ತದೆ. ಸರಿಯಾಗಿರುವ ಸ್ವಿಚ್ 15ರಿಂದ 30ರ ನಡುವೆ ಎಲ್ಲಾದರೂ ಬೀಳಬಹುದು. ನಿಮ್ಮ ಗೀಸರ್ ಎಳೆಯುವುದು 2000 ಭಾಗಿಸು 230, ಅಂದರೆ 8.7 ಆಂಪಿಯರ್. ಅದರಲ್ಲಿ 290ರಲ್ಲೊಂದು ಪಾಲು ದಾರಿ ತಪ್ಪಿದರೂ ಸ್ವಿಚ್ ಬೀಳುತ್ತದೆ. ಅಷ್ಟು ಸೂಕ್ಷ್ಮವಾಗಿ ಇಟ್ಟಿರುವುದಕ್ಕೆ ಕಾರಣವಿದೆ. 10 ಮಿಲಿ ಆಂಪಿಯರ್ ದಾಟಿದರೆ ಸ್ನಾಯು ಬಿಗಿದುಕೊಂಡು, ಹಿಡಿದ ನಲ್ಲಿಯಿಂದ ಕೈ ಬಿಡಿಸಿಕೊಳ್ಳುವುದೇ ಕಷ್ಟವಾಗುತ್ತದೆ. ಒದ್ದೆ ಮೈಯಲ್ಲಿ, ಒದ್ದೆ ನೆಲದ ಮೇಲೆ ನಿಂತವರ ಗತಿ ಯೋಚಿಸಿ.

ಇನ್ನು ಏಳೆಂಟು ನಿಮಿಷದ ಕಾರಣ. ಗೀಸರಿನ ಎಲಿಮೆಂಟ್, ಎಂದರೆ ಎಲ್ಲರೂ ಕಾಯಿಲ್ ಎನ್ನುವುದು, ಹೊರಗೆ ತಾಮ್ರದ ಕೊಳವೆ, ಒಳಗೆ ಸುರುಳಿ ಸುತ್ತಿದ ನೈಕ್ರೋಮ್ ತಂತಿ. ಇವೆರಡರ ನಡುವೆ ಮೆಗ್ನೀಸಿಯಮ್ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಗಟ್ಟಿಯಾಗಿ ತುಂಬಿರುತ್ತಾರೆ. ಈ ಪುಡಿ ಬಿಸಿಯನ್ನು ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಆದರೆ ತೇವ ಸೋಕಿದರೆ ಕರೆಂಟನ್ನೂ ಬಿಡತೊಡಗುತ್ತದೆ. ಬೋರ್ ನೀರಿನ ಸುಣ್ಣ ಕೊಳವೆಯ ಮೇಲೆ ಪದರ ಕಟ್ಟಿದಾಗ ಬಿಸಿಯು ನೀರಿಗೆ ಇಳಿಯದೆ ಕೊಳವೆಯಲ್ಲೇ ಉಳಿಯುತ್ತದೆ. ಕೊಳವೆ ಅತಿಯಾಗಿ ಕಾದು, ಆರಿ, ಮತ್ತೆ ಕಾದು ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಸೀಳುತ್ತದೆ. ತಣ್ಣಗಿದ್ದಾಗ ಸೀಳು ಮುಚ್ಚಿದಂತೆಯೇ ಇರುತ್ತದೆ. ಕಾದು ಹಿಗ್ಗಿದಾಗ ಬಾಯಿ ಬಿಡುತ್ತದೆ, ನೀರು ಪುಡಿಗೆ ಇಳಿಯುತ್ತದೆ, ಸೋರಿಕೆ 15 ಮಿಲಿ ಆಂಪಿಯರ್ ದಾಟುತ್ತದೆ. ಇದೇ ಗೀಸರನ್ನು ಇನ್ನೊಂದು ತಿಂಗಳು ಹೀಗೇ ಬಳಸಿದರೆ ಹಾಕಿದ ತಕ್ಷಣವೇ ಬೀಳುವ ಹಂತಕ್ಕೆ ಬರುವುದು ಸಾಮಾನ್ಯ.

ಖಚಿತ ಮಾಡಿಕೊಳ್ಳಲು ಹೀಗೆ ಮಾಡಿ. ಮೊದಲ ದಿನ ಗೀಸರಿನ ಪ್ಲಗ್ ಪೂರ್ತಿ ಕಿತ್ತಿಟ್ಟು, ಮನೆಯ ಉಳಿದದ್ದೆಲ್ಲ ಎಂದಿನಂತೆ ನಡೆಸಿ. ಒಂದು ಇಡೀ ದಿನ ಸ್ವಿಚ್ ಬೀಳದಿದ್ದರೆ ಅರ್ಧ ಕೆಲಸ ಮುಗಿಯಿತು. ಇಲ್ಲಿ ಒಂದು ಎಚ್ಚರ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ನಮ್ಮ ಗೋಡೆಯ ಸ್ವಿಚ್ಚುಗಳು ಕಡಿಯುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಹಾಗೇ ಕೂಡಿಕೊಂಡಿರುತ್ತದೆ. ಸೀಳು ಎಲಿಮೆಂಟಿನ ನ್ಯೂಟ್ರಲ್ ತುದಿಯ ಕಡೆ ಇದ್ದರೆ, ಗೀಸರ್ ಆಫ್ ಇದ್ದಾಗಲೂ, ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಾಗ ಆರ್‌ಸಿಸಿಬಿ ಬೀಳಬಹುದು. ಪಾಪ, ಮಿಕ್ಸಿಯ ಮೇಲೆ ಅಪವಾದ ಬರುವುದು ಹೀಗೆ.

ಎರಡನೆಯದು ಮಲ್ಟಿಮೀಟರ್. ಪ್ಲಗ್ ಕಿತ್ತ ಸ್ಥಿತಿಯಲ್ಲಿ, ನೀರು ತಣ್ಣಗಿದ್ದು ಥರ್ಮೋಸ್ಟಾಟ್ ಮೇಲಕ್ಕೆ ತಿರುಗಿಸಿರುವಾಗ, ಪ್ಲಗ್ಗಿನ ಎರಡು ಸಣ್ಣ ಪಿನ್‌ಗಳ ನಡುವೆ ಓಮ್ಸ್ ಅಳೆಯಿರಿ. 2000 ವಾಟಿಗೆ ಸುಮಾರು 26 ಓಮ್, 3000 ವಾಟಿನದಾದರೆ 17ರಿಂದ 18 ಓಮ್ ಬರಬೇಕು. ಗೀಸರಿಗೇ ಸ್ವಿಚ್ ಇದ್ದರೆ ಅದು ಆನ್ ಇರಲಿ. ಬಳಿಕ ಮೀಟರನ್ನು ಮೆಗಾ ಓಮ್ ಸ್ಥಾನಕ್ಕೆ ತಿರುಗಿಸಿ, ಒಂದು ಕಡ್ಡಿಯನ್ನು ದಪ್ಪ ಅರ್ತ್ ಪಿನ್ನಿಗೂ ಇನ್ನೊಂದನ್ನು ಸಣ್ಣ ಪಿನ್ನಿಗೂ ಹಿಡಿಯಿರಿ. ಇಲ್ಲಿ ಏನೂ ತೋರಿಸಬಾರದು. ಹಿಡಿಯುವಾಗ ಎರಡೂ ಕೈಬೆರಳು ಲೋಹಕ್ಕೆ ತಾಗಿದರೆ ಮೀಟರ್ ನಿಮ್ಮ ಮೈಯನ್ನೇ ಅಳೆದು ಕೆಲವು ಲಕ್ಷ ಓಮ್ ತೋರಿಸಿಬಿಡುತ್ತದೆ, ಗೀಸರ್ ಕೆಟ್ಟಿದೆ ಎಂದುಕೊಳ್ಳುತ್ತೀರಿ. ಕಡ್ಡಿಗಳ ಪ್ಲಾಸ್ಟಿಕ್ ಹಿಡಿಯನ್ನಷ್ಟೇ ಹಿಡಿಯಿರಿ.

15 ಸಾವಿರ ಓಮ್‌ನ ಸೋರುದಾರಿ ಸಾಕು, 230 ವೋಲ್ಟಿಗೆ 15 ಮಿಲಿ ಆಂಪಿಯರ್ ಹರಿಯಲು. ಮೀಟರ್ ಅಷ್ಟನ್ನು ತೋರಿಸಿತೆಂದರೆ ಮುಂದೆ ಮಾತಿಲ್ಲ. ತೋರಿಸದಿದ್ದರೆ ಮಾತ್ರ ‘ಸರಿಯಿದೆ’ ಎಂದು ಬಿಡಬೇಡಿ. ಮಲ್ಟಿಮೀಟರ್ ಒಂದು ಸಣ್ಣ ಬ್ಯಾಟರಿಯ ಬಲದಲ್ಲಿ ಅಳೆಯುತ್ತದೆ, 230 ವೋಲ್ಟ್ ಬಿದ್ದಾಗ ಆಗುವುದು ಅದಕ್ಕೆ ಗೊತ್ತಾಗದು. 500 ವೋಲ್ಟಿನ ಮೆಗ್ಗರ್ (ಹೆಚ್ಚು ವೋಲ್ಟ್ ಕೊಟ್ಟು ಸೋರಿಕೆ ಅಳೆಯುವ ಮೀಟರ್) ಇರುವ ಎಲೆಕ್ಟ್ರಿಷಿಯನ್ ಹುಡುಕಿ. ಅದರಲ್ಲಿ ಕನಿಷ್ಠ 1 ಮೆಗಾ ಓಮ್ ಬರಬೇಕು, ಆರೋಗ್ಯವಾಗಿರುವ ಎಲಿಮೆಂಟಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಬರುತ್ತದೆ. ನಿಮ್ಮಂಥ ಪ್ರಕರಣದಲ್ಲಿ ಗೀಸರ್ ಬಿಸಿಯಾಗಿ ಸ್ವಿಚ್ ಬಿದ್ದ ಕೂಡಲೇ, ಪ್ಲಗ್ ಕಿತ್ತು, ಆರುವ ಮೊದಲೇ ಅಳೆಸಬೇಕು.

ಮೆಗ್ಗರ್ ಸೋರಿಕೆ ತೋರಿಸಿದರೆ, ಎಲಿಮೆಂಟಿನ ಎರಡು ತಂತಿ ಬಿಚ್ಚಿ ಅದನ್ನೊಂದನ್ನೇ ಮತ್ತೆ ಅಳೆಯಬೇಕು. ಕೆಲವೊಮ್ಮೆ ಎಲಿಮೆಂಟ್ ಚೆನ್ನಾಗಿಯೇ ಇದ್ದು, ಗ್ಯಾಸ್ಕೆಟ್ ಸಡಿಲವಾಗಿ ನೀರು ತೊಟ್ಟಿಕ್ಕಿ ಟರ್ಮಿನಲ್‌ಗಳ ನಡುವೆ ಹಸಿರು ಬಿಳಿ ಕಿಲುಬು ಕಟ್ಟಿರುತ್ತದೆ. ಕೆಳಗಿನ ಮುಚ್ಚಳ ತೆಗೆದಾಗ ಕಣ್ಣಿಗೇ ಕಾಣುತ್ತದೆ.

ಸೀಳಿದ ಎಲಿಮೆಂಟಿಗೆ ರಿಪೇರಿ ಇಲ್ಲ, ಹೊಸದೇ ಹಾಕಬೇಕು. ಒಣಗಿಸಿ, ಮೇಣ ಮೆತ್ತಿ ಕೊಡುತ್ತೇನೆ ಎಂದವರನ್ನು ನಂಬಬೇಡಿ. ಅದೇ ವಾಟ್, ಅದೇ ಅಳತೆಯ ಫ್ಲ್ಯಾಂಜ್ (ಎಲಿಮೆಂಟ್ ಕೂರುವ ತಟ್ಟೆ), ಹೊಸ ಗ್ಯಾಸ್ಕೆಟ್ ತರಿಸಿ. ಹಳೆ ಗ್ಯಾಸ್ಕೆಟ್ ಎಷ್ಟು ಚೆನ್ನಾಗಿ ಕಂಡರೂ ಮತ್ತೆ ಕೂರಿಸಿದರೆ ಸೋರುತ್ತದೆ. ಬೋಲ್ಟುಗಳನ್ನು ಒಂದಾದ ಮೇಲೊಂದು ಸುತ್ತ ಬಿಗಿಯದೆ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಟ್ಯಾಂಕು ಬಿಚ್ಚಿರುವಾಗಲೇ ತಳದ ಸುಣ್ಣದ ಚಕ್ಕೆ ಬಾಚಿ ತೆಗೆಯಿರಿ, ಪಕ್ಕದ ಮೆಗ್ನೀಸಿಯಮ್ ಕಡ್ಡಿ ನೋಡಿ. ತುಕ್ಕು ಟ್ಯಾಂಕನ್ನು ತಿನ್ನುವ ಬದಲು ಆ ಕಡ್ಡಿಯನ್ನು ತಿನ್ನಲಿ ಎಂದೇ ಅದನ್ನು ಇಟ್ಟಿರುತ್ತಾರೆ. ಸವೆದು ಒಳಗಿನ ತಂತಿ ಕಾಣುತ್ತಿದ್ದರೆ ಅದೂ ಹೊಸದಾಗಲಿ. ಎಲ್ಲ ಮುಗಿದ ಮೇಲೆ ಬಿಸಿನೀರಿನ ನಲ್ಲಿ ತಿರುಗಿಸಿ, ಗಾಳಿಯೆಲ್ಲ ಹೋಗಿ ನೀರು ಧಾರೆಯಾಗಿ ಬಂದ ಬಳಿಕವೇ ಕರೆಂಟು ಕೊಡಿ. ಖಾಲಿ ಟ್ಯಾಂಕಿನಲ್ಲಿ ಹೊಸ ಎಲಿಮೆಂಟ್ ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ. ಥರ್ಮೋಸ್ಟಾಟನ್ನು 55, ಹೆಚ್ಚೆಂದರೆ 60 ಡಿಗ್ರಿಗೆ ಇಟ್ಟರೆ ಸುಣ್ಣ ಕಟ್ಟುವುದು ನಿಧಾನವಾಗುತ್ತದೆ. ನಿಮ್ಮ ಕಡೆಯ ಬೋರ್ ನೀರಿಗೆ ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸುವುದು ಲೇಸು.

ಕೊನೆಯದಾಗಿ ಅರ್ತಿಂಗ್. ಗೀಸರಿನ ಮೈಗೆ ಅರ್ತ್ ಇದ್ದುದರಿಂದಲೇ ನಿಮ್ಮಲ್ಲಿ ಯಾರೂ ಮುಟ್ಟುವ ಮೊದಲೇ ಸ್ವಿಚ್ ಬೀಳುತ್ತಿದೆ. ಅರ್ತ್ ಇಲ್ಲದ ಮನೆಯಲ್ಲಿ ಇದೇ ಗೀಸರ್ ತೆಪ್ಪಗೆ ನಡೆಯುತ್ತಿತ್ತು, ಯಾರೋ ನಲ್ಲಿ ಮುಟ್ಟಿದ ಕ್ಷಣದವರೆಗೆ.

ಪ್ರಶ್ನೆ: ದಿನಕ್ಕೆ ಎರಡು ಸಲ ಇಎಲ್‌ಸಿಬಿ ಬೀಳುತ್ತೆ, ಹೆಚ್ಚಾಗಿ ನಾವು ಏನೂ ಹಾಕದ ಹೊತ್ತಲ್ಲಿ. ಒಮ್ಮೆ ನಡುರಾತ್ರಿ, ಇನ್ನೊಮ್ಮೆ ಮಧ್ಯಾಹ್ನ. ಎತ್ತಿದರೆ ನಿಲ್ಲುತ್ತೆ. ಆ ಹೊತ್ತಲ್ಲಿ ನಡೆಯುತ್ತಿರೋದು ಫ್ರಿಜ್ ಒಂದೇ. ಆದರೆ ಫ್ರಿಜ್ ಚೆನ್ನಾಗಿ ತಂಪು ಮಾಡುತ್ತೆ.
— ಗೃಹಿಣಿ, ದಾವಣಗೆರೆ

ಉತ್ತರ: ಹೊತ್ತು ನೋಡಿಟ್ಟು ಬರೆದಿದ್ದೀರಿ, ಅದರಿಂದಲೇ ಉತ್ತರ ಸುಲಭವಾಯಿತು. ನಿಮ್ಮದು ಫ್ರಾಸ್ಟ್ ಫ್ರೀ ಫ್ರಿಜ್ ಆಗಿದ್ದರೆ, ಫ್ರೀಜರಿನ ಹಿಂದಿನ ಹಲಗೆಯ ಒಳಗೆ, ತಂಪು ಕೊಡುವ ಸುರುಳಿಯ ಕೆಳಗೆ, ಒಂದು ಹೀಟರ್ ಇದೆ. ಸುರುಳಿಗೆ ಕಟ್ಟಿದ ಹಿಮ ಕರಗಿಸಲು ಹಲವು ಗಂಟೆಗೊಮ್ಮೆ ತಾನಾಗಿ ಕಾಯುತ್ತದೆ. ಕರಗಿದ ನೀರು ಅದರ ಮೇಲೆಯೇ ತೊಟ್ಟಿಕ್ಕುತ್ತದೆ. ವರ್ಷಗಟ್ಟಲೆ ನೀರು ಬಿದ್ದು ಹೀಟರಿನ ತುದಿಯ ರಬ್ಬರ್ ಸೀಲ್ ಬಿಟ್ಟುಕೊಂಡರೆ ತೇವ ಒಳಗಿಳಿದು ಸೋರಿಕೆ ಆಗುತ್ತದೆ. ತಂಪು ಮಾಡುವ ಕೆಲಸಕ್ಕೂ ಈ ಹೀಟರಿಗೂ ನೇರ ಸಂಬಂಧವಿಲ್ಲ, ಹಾಗಾಗಿ ಫ್ರಿಜ್ ಆರೋಗ್ಯವಾಗಿಯೇ ಕಾಣುತ್ತದೆ.

ಹಳೆಯ ಮಾದರಿಯ, ಕಟಕಟ ತಿರುಗುವ ಟೈಮರ್ ಇರುವ ಫ್ರಿಜ್ ಆಗಿದ್ದರೆ ಸ್ವಿಚ್ ಎತ್ತಿದ ಮೇಲೂ ಟೈಮರ್ ಹೀಟರಿನ ಸ್ಥಾನದಲ್ಲೇ ನಿಂತಿರುತ್ತದೆ, ಎತ್ತಿದ ತಕ್ಷಣ ಮತ್ತೆ ಬೀಳುತ್ತದೆ. ನಿಮ್ಮದು ಎತ್ತಿದರೆ ನಿಲ್ಲುತ್ತದೆ ಎಂದಿದ್ದೀರಿ. ಎಲೆಕ್ಟ್ರಾನಿಕ್ ಬೋರ್ಡಿನ ಫ್ರಿಜ್‌ಗಳಲ್ಲಿ ಹೀಗಾಗುತ್ತದೆ, ಕರೆಂಟು ಹೋಗಿ ಬಂದಾಗ ಅದು ತಂಪು ಮಾಡುವ ಕೆಲಸದಿಂದ ಶುರುಮಾಡಿ, ಮುಂದಿನ ಸರದಿಗೆ ಮತ್ತೆ ಹೀಟರ್ ಹಾಕುತ್ತದೆ.

ಮೆಕ್ಯಾನಿಕ್ ಬಂದಾಗ ‘ಡಿಫ್ರಾಸ್ಟ್ ಹೀಟರನ್ನು ಮೈಗೆ ಮೆಗ್ಗರ್ ಇಟ್ಟು ನೋಡಿ’ ಎಂದು ನೇರವಾಗಿ ಹೇಳಿ. ಕಂಪ್ರೆಸರ್ ಹೋಗಿದೆ ಎಂದು ಮೊದಲೇ ತೀರ್ಪು ಕೊಟ್ಟರೆ ಒಪ್ಪಬೇಡಿ. ಕಂಪ್ರೆಸರಿನ ಸೋರಿಕೆಯಾಗಿದ್ದರೆ ಅದು ಗುರ್ರೆಂದು ಶುರುವಾಗುವ ಕ್ಷಣಕ್ಕೇ ಬೀಳುತ್ತದೆ, ದಿನಕ್ಕೆ ಎರಡು ಸಲವಲ್ಲ, ಪ್ರತಿ ಸಲ. ಹೀಟರ್ ಬದಲಿಸಲು ಗ್ಯಾಸ್ ಮುಟ್ಟಬೇಕಾಗಿಲ್ಲ. ಹೊಸ ಹೀಟರ್ ಬರುವವರೆಗೆ ಅವರೇ ಹಳೆಯದರ ಜೋಡಣೆ ಬಿಚ್ಚಿ ಟೇಪ್ ಸುತ್ತಿ ಹೋದರೆ ಫ್ರಿಜ್ ನಡೆಯುತ್ತದೆ. ಆದರೆ ಕೆಲವು ದಿನಗಳಲ್ಲಿ ಸುರುಳಿಗೆ ಹಿಮ ಮೆತ್ತಿ ಕೆಳಗಿನ ಭಾಗದ ತಂಪು ಇಳಿಯುತ್ತದೆ. ಆಗ ಫ್ರಿಜ್ ಆಫ್ ಮಾಡಿ, ಬಾಗಿಲು ತೆರೆದಿಟ್ಟು, ರಾತ್ರಿಯಿಡೀ ಕರಗಲು ಬಿಡಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಹಿಮ ಕೀಳಬೇಡಿ, ಸುರುಳಿ ತೂತಾದರೆ ಗ್ಯಾಸ್ ಹೋಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಮೂರು ತಿಂಗಳು ಕೇಕ್ ಮಾಡುವ ಒಟಿಜಿ ಮುಟ್ಟಿರಲಿಲ್ಲ. ಗಣೇಶ ಹಬ್ಬಕ್ಕೆ ಹಾಕಿದರೆ ಕೂಡಲೇ ಇಎಲ್‌ಸಿಬಿ ಬೀಳುತ್ತೆ. ಎರಡು ವರ್ಷದ ಹಿಂದಷ್ಟೇ ತಂದದ್ದು.
— ಓದುಗರೊಬ್ಬರು, ಉಡುಪಿ

ಉತ್ತರ: ಬಿಸಾಡಬೇಡಿ, ಇದು ಹೆಚ್ಚಾಗಿ ವಾಸಿಯಾಗುವ ಕಾಯಿಲೆ. ಗೀಸರಿನ ಎಲಿಮೆಂಟಿನ ಹಾಗೆಯೇ ಒಟಿಜಿಯ ಕಡ್ಡಿಗಳಲ್ಲೂ ಮೆಗ್ನೀಸಿಯಮ್ ಆಕ್ಸೈಡ್ ಪುಡಿ ಇದೆ. ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಹಪ್ಪಳ ಮೆತ್ತಗಾಗುವ ಹಾಗೆ, ಕಡ್ಡಿಯ ತುದಿಗಳಿಂದ ತೇವ ಎಳೆದುಕೊಂಡು ಆ ಪುಡಿಯೂ ಹದ ಕೆಡುತ್ತದೆ. ಕೊಳವೆ ಸೀಳಿಲ್ಲದಿದ್ದರೆ, ಒಣಗಿಸಿದರೆ ಸರಿಹೋಗುತ್ತದೆ.

ಮೊದಲು ಪ್ಲಗ್ ಕಿತ್ತು, ಬಾಗಿಲು ತೆರೆದು, ಒಂದೆರಡು ಒಳ್ಳೆ ಬಿಸಿಲು ತೋರಿಸಿ. ಆಮೇಲೆ ಮೇಲಿನ ಕಡ್ಡಿ ಮಾತ್ರ, ಕೆಳಗಿನದು ಮಾತ್ರ ಎಂದು ಆರಿಸುವ ಗುಂಡಿಯಿಂದ ಒಂದೊಂದನ್ನೇ ಹಾಕಿ ನೋಡಿ. ಸಾಮಾನ್ಯವಾಗಿ ಒಂದು ಕಡ್ಡಿಗೆ ಮಾತ್ರ ಸ್ವಿಚ್ ಬೀಳುತ್ತದೆ. ಬೀಳದ ಕಡ್ಡಿಯನ್ನು 120 ಡಿಗ್ರಿಯಲ್ಲಿ ಅರ್ಧ ಗಂಟೆ ನಡೆಸಿ, ಆ ಬಿಸಿಗೆ ಪಕ್ಕದ ಕಡ್ಡಿಯ ತೇವವೂ ಆರುತ್ತದೆ. ಪೂರ್ತಿ ತಣ್ಣಗಾದ ಮೇಲೆ ಇನ್ನೊಂದನ್ನು ಹಾಕಿ. ಹೀಗೆ ಎರಡು ಮೂರು ಸಲ ಮಾಡಿಯೂ ಬಿದ್ದರೆ ಆ ಕಡ್ಡಿ ಬದಲಿಸಲೇಬೇಕು. ಆರ್‌ಸಿಸಿಬಿ ಇಲ್ಲದ ಪಾಯಿಂಟಿಗೆ ಚುಚ್ಚಿ ಒಣಗಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಮುಂದಿನ ಮಳೆಗಾಲಕ್ಕೆ, ಹದಿನೈದು ದಿನಕ್ಕೊಮ್ಮೆ ಖಾಲಿ ಒಟಿಜಿಯನ್ನು ಕಾಲು ಗಂಟೆ ಕಾಯಿಸಿಡಿ.

ಪ್ರಶ್ನೆ: ಮನೆಗೆ ಹೊಸದಾಗಿ ಯುಪಿಎಸ್ ಹಾಕಿಸಿದ್ದೇವೆ. ಅಂದಿನಿಂದ ಹಾಲಿನ ಲೈಟ್ ಹಾಕಿದರೂ ಇಎಲ್‌ಸಿಬಿ ಬೀಳುತ್ತೆ. ಹಾಕಿದವರು ‘ಯುಪಿಎಸ್ ಇರೋ ಮನೆಗೆ ಇಎಲ್‌ಸಿಬಿ ಆಗಿಬರಲ್ಲ’ ಅಂತಾರೆ.
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಆಗಿಬರುತ್ತದೆ ಗುರುಗಳೇ, ನ್ಯೂಟ್ರಲ್ ಸರಿಯಾಗಿ ಕೊಟ್ಟರೆ. ನಿಮ್ಮಲ್ಲಿ ಆಗಿರುವುದು ಇದು. ಯುಪಿಎಸ್‌ಗೆ ಕರೆಂಟನ್ನು ಆರ್‌ಸಿಸಿಬಿಯ ಮುಂಚೆಯೇ, ಮೇನ್ ಕಡೆಯಿಂದ ತೆಗೆದುಕೊಂಡಿದ್ದಾರೆ. ಹಾಲಿನ ಲೈಟಿನ ಫೇಸನ್ನು ಯುಪಿಎಸ್‌ನಿಂದ ಕೊಟ್ಟಿದ್ದಾರೆ. ಆದರೆ ಅದೇ ಲೈಟಿನ ನ್ಯೂಟ್ರಲ್ ಮಾತ್ರ ಹಳೆಯ ಜಾಗದಲ್ಲೇ, ಆರ್‌ಸಿಸಿಬಿಯಿಂದ ಬಂದ ನ್ಯೂಟ್ರಲ್ ಪಟ್ಟಿಯಲ್ಲೇ ಉಳಿದಿದೆ. ಕರೆಂಟು ಒಂದು ದಾರಿಯಲ್ಲಿ ಹೋಗಿ ಇನ್ನೊಂದು ದಾರಿಯಲ್ಲಿ ವಾಪಸಾಗುತ್ತಿದೆ. ಆರ್‌ಸಿಸಿಬಿಯ ಕಣ್ಣಿಗೆ ಇದು ಸೋರಿಕೆಯೇ. 9 ವಾಟಿನ ಎಲ್ಇಡಿ ಬಲ್ಬು ಎಳೆಯುವುದೇ ಸುಮಾರು 40 ಮಿಲಿ ಆಂಪಿಯರ್, ಬೀಳಲು ಅಷ್ಟು ಸಾಕು.

ಎಲೆಕ್ಟ್ರಿಷಿಯನ್‌ಗೆ ಹೀಗೆ ಹೇಳಿ: ಯುಪಿಎಸ್ ಮೇಲಿರುವ ಲೈಟು, ಫ್ಯಾನುಗಳ ನ್ಯೂಟ್ರಲ್ ತಂತಿಗಳನ್ನು ಡಿಬಿಯಲ್ಲಿ ಬೇರೆ ಮಾಡಿ, ಅವಕ್ಕೆ ಪ್ರತ್ಯೇಕ ಪಟ್ಟಿ ಹಾಕಿ, ಯುಪಿಎಸ್‌ನ ಔಟ್‌ಪುಟ್ ನ್ಯೂಟ್ರಲ್‌ಗೆ ಸೇರಿಸಬೇಕು. ಯುಪಿಎಸ್ ಔಟ್‌ಪುಟ್ಟಿಗೆ ಅದರದೇ ಒಂದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲಿ. ಗೋಡೆಯೊಳಗೆ ಎರಡು ಸರ್ಕಿಟಿನ ನ್ಯೂಟ್ರಲ್ ಒಂದೇ ತಂತಿಯಲ್ಲಿ ಓಡಿದ್ದರೆ ಹೊಸ ತಂತಿ ಎಳೆಯಬೇಕಾಗುತ್ತದೆ, ಅದಕ್ಕೆ ಬೇಸರಿಸಬೇಡಿ. ಕೆಳಗೊಂದು ಮೀಟರ್, ಮಹಡಿಗೊಂದು ಮೀಟರ್ ಇರುವ ಮನೆಗಳಲ್ಲಿ ಮೆಟ್ಟಿಲ ದೀಪ ಹಾಕಿದಾಗ ಸ್ವಿಚ್ ಬೀಳುವುದೂ ಇದೇ ಕಾರಣಕ್ಕೆ. ಫೇಸ್ ಕೆಳಗಿನ ಮನೆಯದು, ನ್ಯೂಟ್ರಲ್ ಮೇಲಿನದು.

ಪ್ರಶ್ನೆ: ಫ್ರಂಟ್ ಲೋಡ್ ವಾಷಿಂಗ್ ಮೆಷಿನ್. ತಣ್ಣೀರಲ್ಲಿ ಒಗೆದರೆ ತೊಂದರೆ ಇಲ್ಲ. 40 ಡಿಗ್ರಿ ಇಟ್ಟರೆ ಸ್ವಲ್ಪ ಹೊತ್ತಿಗೆ ಬೀಳುತ್ತೆ.
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹೀಟರ್. ಡ್ರಮ್ಮಿನ ಕೆಳಗಿದೆ, ಬಹಳಷ್ಟು ಮಾದರಿಗಳಲ್ಲಿ ಹಿಂದಿನ ತಗಡು ಬಿಚ್ಚಿದರೆ, ಕೆಲವದರಲ್ಲಿ ಮುಂದಿನಿಂದ ಸಿಗುತ್ತದೆ. ನಡುವಿನ ನಟ್ ಸಡಿಲಿಸಿ ಒಳಕ್ಕೆ ತಟ್ಟಿದರೆ ರಬ್ಬರ್ ಹಿಡಿತ ಬಿಟ್ಟು ಹೊರಬರುತ್ತದೆ. ಹೊಸದು ಹಾಕಿಸುವವರೆಗೆ ತಣ್ಣೀರಿನಲ್ಲೇ ಒಗೆಯಿರಿ.

ಇದೇ ಮೆಷಿನ್ನಿನ ಬಗ್ಗೆ ಬೇರೆ ಬೇರೆ ಊರಿನವರು ಬೇರೆ ಬೇರೆ ಹೊತ್ತು ಬರೆದಿದ್ದಾರೆ, ಎಲ್ಲರಿಗೂ ಇಲ್ಲಿಯೇ. ನೀರು ಹೊರಹಾಕುವಾಗ ಬಿದ್ದರೆ ಡ್ರೈನ್ ಪಂಪಿಗೆ ನೀರು ಸೋರಿದೆ. ಜೋರಾಗಿ ಹಿಂಡುವಾಗ ಮಾತ್ರ ಬಿದ್ದರೆ, ಡ್ರಮ್ ಕುಣಿದು ಯಾವುದೋ ತಂತಿಯ ಕಟ್ಟು ತಗಡಿಗೆ ಉಜ್ಜಿ ಸಿಪ್ಪೆ ಬಿಟ್ಟಿದೆ, ಇಲ್ಲವೇ ಕಾರ್ಬನ್ ಬ್ರಷ್ ಇರುವ ಮೋಟಾರಿನಲ್ಲಿ ಕಾರ್ಬನ್ ಮಸಿ ತುಂಬಿದೆ. ಆನ್ ಮಾಡುವ ಮೊದಲೇ, ಪ್ಲಗ್ ಚುಚ್ಚಿ ಗೋಡೆಯ ಸ್ವಿಚ್ ಹಾಕಿದೊಡನೆ ಬಿದ್ದರೆ, ತಂತಿ ಒಳಗೆ ಬರುವಲ್ಲಿ ಕೂತು ಕರೆಂಟಿನ ಗದ್ದಲ ಸೋಸುವ ಫಿಲ್ಟರ್ (ನೀರಿನದಲ್ಲ) ಕೆಟ್ಟಿರುವ ಸಂಭವ ಹೆಚ್ಚು. ಹಾಗೆಯೇ, ಎಲೆಕ್ಟ್ರಾನಿಕ್ ಬೋರ್ಡಿನ ಮೆಷಿನ್, ಇನ್ವರ್ಟರ್ ಎಸಿ ಇರುವ ಮನೆಗೆ ಹೊಸ ಆರ್‌ಸಿಸಿಬಿ ತರುವಾಗ ‘ಎಸಿ ಟೈಪ್’ (ತಂಪಿನ ಎಸಿಯಲ್ಲ, ಕರೆಂಟಿನ ಬಗೆ) ಬದಲು ‘ಎ ಟೈಪ್’ ಕೇಳಿ. ಇಂಥ ಉಪಕರಣಗಳ ಸೋರಿಕೆ ಏರಿಳಿಯುವ ಡಿಸಿ ರೂಪದಲ್ಲಿ ಇರಬಹುದು, ಎಸಿ ಟೈಪಿನದು ಅದನ್ನು ಗುರುತಿಸದೇ ಹೋಗಬಹುದು.

ಪ್ರಶ್ನೆ: ಜೋರು ಮಳೆ ಬಂದರೆ ಸಾಕು, ಇಎಲ್‌ಸಿಬಿ ಬೀಳುತ್ತೆ. ಎಂಸಿಬಿ ಎಲ್ಲ ಇಳಿಸಿದರೂ ನಿಲ್ಲಲ್ಲ. ಮಳೆ ಬಿಟ್ಟು ಎರಡು ದಿನಕ್ಕೆ ತಾನೇ ಸರಿಹೋಗುತ್ತೆ. ಯಾವುದರಿಂದ ಅಂತ ಹುಡುಕೋದು ಹೇಗೆ?
— ಓದುಗರೊಬ್ಬರು, ಸಾಗರ

ಉತ್ತರ: ಸರಿಹೋದ ದಿನ ಹುಡುಕಿ ಪ್ರಯೋಜನವಿಲ್ಲ, ಬೀಳುತ್ತಿರುವ ದಿನವೇ ಹುಡುಕಬೇಕು. ಎಂಸಿಬಿ ಎಲ್ಲ ಇಳಿಸಿದರೂ ನಿಲ್ಲುತ್ತಿಲ್ಲ ಎಂದರೆ ನ್ಯೂಟ್ರಲ್ ಎಲ್ಲೋ ಅರ್ತಿಗೆ, ಇಲ್ಲವೇ ಒದ್ದೆ ಗೋಡೆಗೆ ತಾಗುತ್ತಿದೆ. ಸಿಂಗಲ್ ಪೋಲ್, ಎಂದರೆ ಒಂದೇ ತಂತಿ ಹಾಯುವ ಎಂಸಿಬಿಯೂ ಕಡಿಯುವುದು ಫೇಸನ್ನಷ್ಟೇ. ಮೊದಲು ಹೊರಗಿನವುಗಳನ್ನೇ ಹಿಡಿಯಿರಿ: ಗೇಟಿನ ಕಂಬದ ದೀಪ, ಸಂಪಿನ ಮೋಟಾರು, ತಾರಸಿಯ ಪ್ಲಗ್ ಪಾಯಿಂಟ್, ಹೊರಗಿನ ಕಾಲಿಂಗ್ ಬೆಲ್ ಗುಂಡಿ, ಕೊಟ್ಟಿಗೆಯ ಲೈನು. ಪ್ಲಗ್ ಇರುವುದನ್ನೆಲ್ಲ ಕೀಳಿ. ಆಗಲೂ ಬಿದ್ದರೆ ಎಲೆಕ್ಟ್ರಿಷಿಯನ್ ಬಂದು, ಮೇನ್ ಆಫ್ ಮಾಡಿ, ನ್ಯೂಟ್ರಲ್ ಪಟ್ಟಿಯಿಂದ ತಂತಿಗಳನ್ನು ಬಿಚ್ಚಿ ಒಂದೊಂದನ್ನೇ ಅರ್ತಿಗೆ ಮೆಗ್ಗರ್ ಇಟ್ಟು ಅಳೆಯಬೇಕು. ಯಾವ ತಂತಿ ಯಾವ ಸರ್ಕಿಟಿನದು ಎಂದು ಬಿಚ್ಚುವಾಗಲೇ ಚೀಟಿ ಕಟ್ಟಿಸಿ. ಮಲೆನಾಡಿನ ಮನೆಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಗೇಟಿನ ದೀಪ. ಹೋಲ್ಡರಿನೊಳಗೆ ನೀರು ನಿಂತಿರುತ್ತದೆ, ಇಲ್ಲವೇ ಮಣ್ಣಿನಡಿ ಪೈಪಿನಲ್ಲಿ ಬರುವ ತಂತಿಗೆ ನಡುವೆ ಟೇಪ್ ಸುತ್ತಿದ ಜೋಡಣೆ ಇರುತ್ತದೆ. ನೆಲದಡಿ ಜೋಡಣೆಯಿಲ್ಲದ ಒಂದೇ ತುಂಡು ಕೇಬಲ್ ಹಾಕಿಸಿ.

ಉಪಕರಣಗಳೆಲ್ಲ ಚೆನ್ನಾಗಿದ್ದೂ ಆಗೊಮ್ಮೆ ಈಗೊಮ್ಮೆ ಬೀಳುವ ಮನೆಗಳಿವೆ. ಕಂಪ್ಯೂಟರ್, ಟಿವಿ, ಮೈಕ್ರೋವೇವ್, ಇನ್ವರ್ಟರ್ ಎಸಿ ಪ್ರತಿಯೊಂದರ ಫಿಲ್ಟರೂ ಸಹಜವಾಗಿಯೇ ಒಂದಿಷ್ಟು ಕರೆಂಟನ್ನು ಅರ್ತಿಗೆ ಬಿಡುತ್ತದೆ. ಒಂದೊಂದರದು ಅತ್ಯಲ್ಪ, ಎಲ್ಲ ಸೇರಿ ಹತ್ತಿಪ್ಪತ್ತು ಮಿಲಿ ಆಂಪಿಯರ್ ಆದರೆ ಸಿಡಿಲಿನ ಸಣ್ಣ ಹೊಡೆತಕ್ಕೂ ಸ್ವಿಚ್ ಬೀಳುತ್ತದೆ. ಅಂಥಲ್ಲಿ ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇಡುವ ಬದಲು, ಬಚ್ಚಲುಮನೆ, ಅಡುಗೆಮನೆ, ಉಳಿದದ್ದು ಎಂದು ಎರಡೋ ಮೂರೋ ಮಾಡಿಸಿಕೊಳ್ಳಿ.

ಪ್ರಶ್ನೆ: ಮಿಕ್ಸಿ ತೊಳೆದ ಮರುದಿನ ಹಾಕಿದರೆ ಇಎಲ್‌ಸಿಬಿ ಬೀಳುತ್ತೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಜಾರ್ ಕೂರುವ ಜಾಗದಿಂದ ಮೋಟಾರಿಗೆ ನೀರಿಳಿದಿದೆ. ಪ್ಲಗ್ ಕಿತ್ತು, ಮಗುಚಿ, ಫ್ಯಾನಿನ ಕೆಳಗೆ ಎರಡು ದಿನ ಇಡಿ. ನಡುವೆ ‘ಒಂದ್ಸಲ ನೋಡೋಣ’ ಎಂದು ಹಾಕಬೇಡಿ. ಒಣಗಿದ ಮೇಲೂ ಬಿದ್ದರೆ ಕಾರ್ಬನ್ ಮಸಿ ಒದ್ದೆಯಾಗಿ ಅಂಟಿಕೊಂಡಿರುತ್ತದೆ, ಬಿಚ್ಚಿ ಬ್ರಷ್ಷಿನಿಂದ ತೆಗೆಸಬೇಕು. ಇನ್ನು ಮೇಲೆ ಮಿಕ್ಸಿಯ ಬುಡವನ್ನು ತೊಳೆಯದೆ ಹಿಂಡಿದ ಬಟ್ಟೆಯಲ್ಲಿ ಒರೆಸಿ.

ಪ್ರಶ್ನೆ: ಗೀಸರ್ ಮತ್ತು ಇಂಡಕ್ಷನ್ ಒಲೆ ಒಟ್ಟಿಗೆ ಹಾಕಿದರೆ ಸುಮಾರು ಹೊತ್ತಿನ ಮೇಲೆ 16 ಆಂಪಿಯರಿನ ಎಂಸಿಬಿ ಬೀಳುತ್ತೆ. ಇಎಲ್‌ಸಿಬಿ ಬೀಳಲ್ಲ. 32ರದ್ದು ಹಾಕಿಸಲೇ?
— ಓದುಗರೊಬ್ಬರು, ಹಾಸನ

ಉತ್ತರ: ಹಾಕಿಸಬೇಡಿ. ಇದು ಸೋರಿಕೆಯಲ್ಲ, ಹೊರೆ. 2000 ವಾಟಿನ ಗೀಸರ್ 8.7, ಅಷ್ಟೇ ವಾಟಿನ ಒಲೆಯೂ 8.7, ಒಟ್ಟು 17.4 ಆಂಪಿಯರ್. ಅದೇ ಲೈನಿನಲ್ಲಿ ಫ್ರಿಜ್ಜೋ ಮಿಕ್ಸಿಯೋ ಇದ್ದರೆ ಇನ್ನೂ ಹೆಚ್ಚು. ಮಿತಿಗಿಂತ ಸ್ವಲ್ಪವೇ ಹೆಚ್ಚಾದಾಗ ಎಂಸಿಬಿಯೊಳಗಿನ ಪಟ್ಟಿ ನಿಧಾನಕ್ಕೆ ಕಾದು ಬಾಗಿ ಬೀಳಿಸುತ್ತದೆ, ಅದಕ್ಕೇ ಅಷ್ಟು ಹೊತ್ತು. ಗೋಡೆಯಲ್ಲಿರುವುದು ಬಹುಶಃ 2.5 ಚದರ ಮಿಲಿಮೀಟರಿನ ತಂತಿ. 32ರ ಎಂಸಿಬಿ ಹಾಕಿದರೆ ಎಂಸಿಬಿ ಬೀಳುವ ಮೊದಲೇ ಆ ತಂತಿಯ ಸಿಪ್ಪೆ ಕರಗಬಹುದು. ಗೀಸರಿಗೆ ಡಿಬಿಯಿಂದಲೇ ಬೇರೆ ತಂತಿ, 4 ಚದರ ಮಿಲಿಮೀಟರಿನದು, ಅದಕ್ಕೇ ಒಂದು 20 ಆಂಪಿಯರಿನ ಎಂಸಿಬಿ ಕೊಡಿಸಿ. ಆ ಕೆಲಸ ಆಗುವವರೆಗೆ ನೀರು ಕಾದಮೇಲೆ ಒಲೆ ಹಚ್ಚಿ.

ಪ್ರಶ್ನೆ: ಪದೇಪದೇ ಬೀಳುತ್ತೆ ಅಂತ ಅಂಗಡಿಯವರು 100 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕೊಟ್ಟಿದ್ದಾರೆ. ಈಗ ಬೀಳುತ್ತಿಲ್ಲ. ಇದು ಸರಿಯೇ? ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತೆ.
— ಓದುಗರೊಬ್ಬರು, ತುಮಕೂರು

ಉತ್ತರ: ಸರಿಯಲ್ಲ. 100 ಮತ್ತು 300 ಮಿಲಿ ಆಂಪಿಯರಿನವು ಸೋರಿಕೆಯಿಂದ ಬೆಂಕಿ ಹತ್ತದಂತೆ ಕಾಯಲು ಇರುವಂಥವು, ಮೈಗೆ ಹರಿಯುವ ಕರೆಂಟಿನಿಂದ ಕಾಯಲು 30ರದ್ದೇ ಬೇಕು. ನಿಮ್ಮ ಮನೆಯಲ್ಲಿ ಮೊದಲಿದ್ದ ಸೋರಿಕೆ ಈಗಲೂ ಇದೆ, ಬೀಳಿಸುವವರು ಇಲ್ಲವಾಗಿದ್ದಾರೆ ಅಷ್ಟೆ. ಅದರ ಮೇಲೆ ಬರೆದ 25, 40, 63 ಆಂಪಿಯರ್ ಎಂಬ ದೊಡ್ಡ ಸಂಖ್ಯೆ ಅದು ಹೊರಬಲ್ಲ ಕರೆಂಟಿನ ಮಿತಿ, ಸೋರಿಕೆಗೂ ಅದಕ್ಕೂ ಸಂಬಂಧವಿಲ್ಲ. ಕೊಳ್ಳುವಾಗ ಎರಡನ್ನೂ ಓದಿ.

ಟೆಸ್ಟ್ ಗುಂಡಿ ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ ಸುಳ್ಳು ಸೋರಿಕೆ ಹರಿಸಿ, ಒಳಗಿನ ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ಮಾತ್ರ ಹೇಳುತ್ತದೆ. ಅರ್ತಿಂಗ್ ಇದೆಯೇ ಎಂದು ಅದು ಹೇಳಲಾರದು, ಅರ್ತೇ ಇಲ್ಲದ ಮನೆಯಲ್ಲೂ ಒತ್ತಿದರೆ ಬೀಳುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ, ಒತ್ತಿದಾಗ ಬೀಳದಿದ್ದರೆ ಆವತ್ತೇ ಬದಲಿಸಿ. ಈಗ 30 ಮಿಲಿ ಆಂಪಿಯರಿನದನ್ನು ವಾಪಸು ಹಾಕಿಸಿ. ಹಾಕಿದ ಮೇಲೆ ಎಷ್ಟು ಗಂಟೆಗೆ ಬಿತ್ತು, ಆಗ ಏನೇನು ಆನ್ ಇತ್ತು, ಹಾಕಿ ಎಷ್ಟು ನಿಮಿಷವಾಗಿತ್ತು, ಎತ್ತಿದರೆ ನಿಂತಿತೇ ಎಂದು ನಾಲ್ಕು ದಿನ ಬರೆದು ಆ ಚೀಟಿಯನ್ನು ನಮಗೆ ಕಳಿಸಿ.